ಹೈದರ್ ಅಲಿ ಅಧಿಕಾರಕ್ಕೆ ಬಂದದ್ದು ಹೇಗೆ? ಬೂದಿಕೋಟೆಯಿಂದ ಶ್ರೀರಂಗಪಟ್ಟಣದವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದು 1761ರವರೆಗಿನ ಹೈದರ್ ಮಾತ್ರ. ಇಂಗ್ಲಿಷರೊಂದಿಗಿನ ಯುದ್ಧಗಳು, ಟಿಪ್ಪುವಿನ ಕಾಲ, ಮಲಬಾರು ಇವೆಲ್ಲ ಬೇರೆಯೇ ವಿಷಯ. ಹೈದರ್ ಮೇಲೆ ಬಂದದ್ದು ಕತ್ತಿಯ ಬಲದಿಂದ ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಆ 12 ವರ್ಷಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಪ್ರತಿ ತಿರುವಿನಲ್ಲೂ ಎದುರಾಗುವುದು ಒಂದೇ ಸಂಗತಿ: ಸೈನಿಕರ ಸಂಬಳ ಬಾಕಿ, ಅದನ್ನು ತೀರಿಸುವವರು ಯಾರು ಎಂಬ ಜಗಳ.

ಹೈದರ್ ಹುಟ್ಟಿದ್ದು ಎಲ್ಲಿ, ಯಾವ ವರ್ಷ?

ಈಗಿನ ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ವರ್ಷದ ಬಗ್ಗೆ ಒಮ್ಮತವಿಲ್ಲ. 1720, 1721, 1722 ಮೂರೂ ಪುಸ್ತಕಗಳಲ್ಲಿ ಸಿಗುತ್ತವೆ. ಒಂದೇ ತಾರೀಖನ್ನು ಖಡಾಖಂಡಿತವಾಗಿ ಕೊಡುವ ಬರಹ ಕಂಡರೆ ಸ್ವಲ್ಪ ಹುಷಾರಾಗಿ ಓದಿ.

ತಂದೆ ಮೈಸೂರಿನ ಸೇನಾಧಿಕಾರಿಯೇ?

ಅಲ್ಲ. ತಂದೆ ಫತೇ ಮಹಮ್ಮದ್ ಇದ್ದದ್ದು ಸಿರಾ ಸುಭಾದ ಕಡೆ. ಸಿರಾ ಆಗ ಮೊಗಲರ ದಕ್ಷಿಣದ ಪ್ರಾಂತ್ಯ. ಅಲ್ಲಿನ ನವಾಬರ ಕೈಕೆಳಗೆ ಫತೇ ಮಹಮ್ಮದ್ ಕೋಲಾರ ಸೀಮೆಯ ದಂಡಿನ ಮುಖ್ಯಸ್ಥನಾಗಿ, ಬೂದಿಕೋಟೆಯನ್ನು ಜಹಗೀರಾಗಿ ಪಡೆದಿದ್ದ. ಅವನ ಹಿರಿಯರು ಕಲಬುರಗಿ ಕಡೆಯಿಂದ ಕೋಲಾರಕ್ಕೆ ಬಂದು ನೆಲೆಸಿದವರು. ಹೈದರನ ತಾಯಿ ನವಾಯತ ಎಂಬ ಮುಸ್ಲಿಂ ಸಮುದಾಯದ ಮನೆತನದವಳು. ಅಣ್ಣನ ಹೆಸರು ಶಹಬಾಜ್.

ಸಿರಾದಲ್ಲಿ ನವಾಬಗಿರಿಗೆ ಪೈಪೋಟಿ ಬಿದ್ದಾಗ ಫತೇ ಮಹಮ್ಮದ್ ತನ್ನ ಒಡೆಯನ ಪರವಾಗಿ ಕಾದಾಡಿ ಸತ್ತ. ಅದು 1728ರ ಸುಮಾರು. ಹೈದರನಿಗೆ ಆಗ ಏಳರ ಆಸುಪಾಸು.

ನಗಾರಿಯೊಳಗೆ ಕೂರಿಸಿ ಹಿಂಸೆ ಕೊಟ್ಟರು ಎಂಬ ಕಥೆ ನಿಜವೇ?

19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಇದನ್ನು ಬರೆದಿಟ್ಟಿದ್ದಾನೆ. ಫತೇ ಮಹಮ್ಮದ್ ಸತ್ತ ಮೇಲೆ ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಅವನ ಮನೆಯವರ ಮೇಲೆ ಬಾಕಿ ಹೊರಿಸಿದ, ಇದ್ದಬದ್ದದ್ದನ್ನು ದೋಚಿದ. ಇನ್ನೂ ಬಚ್ಚಿಟ್ಟಿರಬಹುದು ಎಂದು ಮಕ್ಕಳನ್ನು ನಗಾರಿಯೊಳಗೆ ಹಾಕಿ ಚರ್ಮ ಬಿಗಿಸಿದ ಎಂಬುದು ಅವನ ವಿವರ.

ಕಥೆ ಒಂದಿಷ್ಟು ಬೆಳೆದಿರಬಹುದು. ಆದರೆ ಸುಲಿಗೆ ನಡೆದದ್ದರಲ್ಲಿ ಅನುಮಾನ ಪಡಲು ಕಾರಣವಿಲ್ಲ, ಏಕೆಂದರೆ ಹೈದರ್ ಅದನ್ನು ಮರೆಯಲಿಲ್ಲ. ಮುಂದೆ ಅವನು ದೊಡ್ಡಬಳ್ಳಾಪುರಕ್ಕೆ ನುಗ್ಗಿದಾಗ ಅಬ್ಬಾಸ್ ಕುಲಿ ಖಾನ್ ಮನೆಮಂದಿಯನ್ನು ಅಲ್ಲೇ ಬಿಟ್ಟು ಮದ್ರಾಸಿಗೆ ಓಡಿದ. ಮೈಸೂರಿನ ಸವಾರರು ಮದ್ರಾಸಿನ ಹೊರವಲಯಕ್ಕೂ ಬಂದಾಗ ಹಡಗು ಹತ್ತಿದ ಎನ್ನುತ್ತಾರೆ.

ಮಕ್ಕಳನ್ನೂ ತಾಯಿಯನ್ನೂ ಬಿಡಿಸಿಕೊಂಡು ಬಂದದ್ದು ಮೈಸೂರಿನ ಸೇವೆಯಲ್ಲಿದ್ದ ದಾಯಾದಿ ಅಣ್ಣ. ಅವನ ಹೆಸರೂ ಹೈದರ್, ಹೈದರ್ ಸಾಹೇಬ್. ಈ ಇಬ್ಬರನ್ನು ಒಂದು ಮಾಡಿ ಓದಿದರೆ ಕಾಲದ ಲೆಕ್ಕ ಪೂರ್ತಿ ಕಲಸಿಹೋಗುತ್ತದೆ. ಅಂತರ್ಜಾಲದ ಎಷ್ಟೋ ಬರಹಗಳಲ್ಲಿ ಆಗಿರುವುದೂ ಅದೇ.

ಓದು ಬರಹ ಬರುತ್ತಿತ್ತೇ?

ಇಲ್ಲ. ತನ್ನ ಹೆಸರಿನ ಮೊದಲ ಪರ್ಸಿಯನ್ ಅಕ್ಷರವೊಂದನ್ನು ಗೀಚಿ ರುಜು ಹಾಕುತ್ತಿದ್ದ, ಅದೂ ತಿರುಗಾಮುರುಗಾ. ಆದರೆ ಹಲವು ಭಾಷೆ ಮಾತಾಡುತ್ತಿದ್ದ. ಲೆಕ್ಕವನ್ನು ಓದಿಸಿ ಕೇಳಿ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದ ಅವನ ನೆನಪಿನ ಶಕ್ತಿಯನ್ನು ಹಗೆಗಳೂ ಒಪ್ಪಿದ್ದಾರೆ.

27 ವರ್ಷದವರೆಗೆ ಏನು ಮಾಡುತ್ತಿದ್ದ?

ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅಣ್ಣ ಶಹಬಾಜ್ ಮೈಸೂರಿನ ದಂಡು ಸೇರಿ ಮೇಲೆ ಬರುತ್ತಿದ್ದ. ತಮ್ಮ ಬೇಟೆ, ಮೋಜು ಅಂತ ವಾರಗಟ್ಟಲೆ ಮನೆ ಬಿಟ್ಟು ಕಾಡಿನಲ್ಲಿರುತ್ತಿದ್ದ. ‘ಬಾಲ್ಯದಿಂದಲೇ ವೀರ’ ಎಂಬ ಬಣ್ಣನೆ ಆಮೇಲಿನವರು ಹಚ್ಚಿದ್ದು.

ದೇವನಹಳ್ಳಿಯಲ್ಲಿ ಆದದ್ದೇನು?

1749ರಲ್ಲಿ ಮೈಸೂರಿನ ದಂಡು ದೇವನಹಳ್ಳಿಯ ಪಾಳೆಯಗಾರನ ಕೋಟೆಗೆ ಮುತ್ತಿಗೆ ಹಾಕಿತು. ದಂಡಿನ ಒಡೆಯ ಕರಾಚೂರಿ ನಂಜರಾಜಯ್ಯ. ಮುತ್ತಿಗೆ ತಿಂಗಳುಗಟ್ಟಲೆ ಎಳೆಯಿತು. ಶಹಬಾಜನ ಪಡೆಯ ಜೊತೆಗೆ ಹೈದರ್ ತಾನಾಗಿ ಬಂದು ಸೇರಿಕೊಂಡ. ಕಂದಕದ ಬಳಿಯ ಕಷ್ಟದ ಕೆಲಸಕ್ಕೆಲ್ಲ ಮುಂದಾಗುತ್ತಿದ್ದ, ಗುಂಡು ಹಾರುವಾಗ ಅಳುಕುತ್ತಿರಲಿಲ್ಲ. ಇದು ನಂಜರಾಜಯ್ಯನ ಕಣ್ಣಿಗೆ ಬಿತ್ತು.

ಕೋಟೆ ಬಿದ್ದ ಮೇಲೆ ಹೈದರನಿಗೆ ಸಿಕ್ಕಿದ್ದು 50 ಕುದುರೆ, 200 ಕಾಲಾಳು, ಖಾನ್ ಎಂಬ ಬಿರುದು, ಕೋಟೆಯ ಒಂದು ಬಾಗಿಲಿನ ಕಾವಲು. ಜೊತೆಗೆ ಒಂದು ಮಾತು: ಬೇಕಾದರೆ ಇನ್ನಷ್ಟು ಜನರನ್ನು ಸೇರಿಸಿಕೊಳ್ಳಬಹುದು. ಈ ಮಾತನ್ನು ಅವನು ಬಳಸಿಕೊಂಡಷ್ಟು ಇನ್ನಾರೂ ಬಳಸಿಕೊಂಡಿರಲಾರರು. ಟಿಪ್ಪು ಹುಟ್ಟಿದ್ದೂ ಇದೇ ದೇವನಹಳ್ಳಿಯಲ್ಲಿ, ಸ್ವಲ್ಪ ಕಾಲದ ಮೇಲೆ.

ಆಗ ಮೈಸೂರಿನಲ್ಲಿ ರಾಜರಿದ್ದರಲ್ಲ, ಅವರ ಕೈಯಲ್ಲಿ ಏನಿತ್ತು?

ಅರಮನೆ, ಪೂಜೆ, ದಸರೆ. ಆಳ್ವಿಕೆ ಕಳಲೆ ಮನೆತನದ ಅಣ್ಣತಮ್ಮಂದಿರದು: ದಳವಾಯಿ ದೇವರಾಜಯ್ಯ ಅಣ್ಣ, ಸರ್ವಾಧಿಕಾರಿ (ಆಡಳಿತದ ಮುಖ್ಯಸ್ಥ) ನಂಜರಾಜಯ್ಯ ತಮ್ಮ. 1734ರಲ್ಲಿ ಈ ಮನೆತನದ ಮಾತು ಕೇಳದ ಚಾಮರಾಜ ಒಡೆಯರನ್ನು ಕೆಳಗಿಳಿಸಿ ಕಬ್ಬಾಳದುರ್ಗಕ್ಕೆ ತಳ್ಳಲಾಯಿತು. ಅಲ್ಲೇ ಅವರು ತೀರಿಕೊಂಡರು. ಆ ಜಾಗಕ್ಕೆ ಕೂರಿಸಿದ್ದು ಎಳೆಯ ವಯಸ್ಸಿನ ಇಮ್ಮಡಿ ಕೃಷ್ಣರಾಜ ಒಡೆಯರನ್ನು. ನಂಜರಾಜಯ್ಯ ತನ್ನ ಮಗಳನ್ನೂ ಅವರಿಗೇ ಕೊಟ್ಟ.

ಹೈದರ್ ರಾಜರಿಂದ ಅಧಿಕಾರ ಕಿತ್ತುಕೊಂಡ ಎನ್ನುವವರು ಇದನ್ನು ಗಮನಿಸಬೇಕು. ರಾಜರ ಕೈಯಿಂದ ಅದು ಜಾರಿ ಆಗಲೇ ಕಾಲು ಶತಮಾನವಾಗಿತ್ತು. ಹೈದರ್ ಕಿತ್ತುಕೊಂಡದ್ದು ಕಿತ್ತುಕೊಂಡವರಿಂದ.

ಹೆಸರುಗಳೇ ಗೊಂದಲ. ಯಾರು ಯಾರು?

ಆ ಶತಮಾನದಲ್ಲೇ ಮೂವರು ಕೃಷ್ಣರಾಜರಿದ್ದಾರೆ: ದೊಡ್ಡ ಕೃಷ್ಣರಾಜ (1714–32), ಈ ಕಥೆಯ ಇಮ್ಮಡಿ ಕೃಷ್ಣರಾಜ (1734–66), 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ. ನಂಜರಾಜರು ಇಬ್ಬರು: ಒಬ್ಬ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ, ಇನ್ನೊಬ್ಬರು 1766ರಿಂದ 1770ರವರೆಗೆ ಹೆಸರಿಗೆ ರಾಜರಾಗಿದ್ದ ನಂಜರಾಜ ಒಡೆಯರು. ಇನ್ನು ಸ್ವಂತ ಪಡೆ ಕಟ್ಟಲು ಹೈದರನಿಗೆ ಬಂಡವಾಳ ಎಲ್ಲಿಂದ ಬಂತು ಎಂಬುದಕ್ಕೆ ಮೈಸೂರು ಬಿಟ್ಟು ಈಗಿನ ತಮಿಳುನಾಡಿನ ಆರ್ಕಾಟ್ ಸೀಮೆಗೆ ಹೋಗಬೇಕು.

ಮೊದಲ ದುಡ್ಡು ಎಲ್ಲಿಂದ ಬಂತು?

ನಿಜಾಮ ನಾಸಿರ್ ಜಂಗ್ ಆರ್ಕಾಟ್ ಸೀಮೆಗೆ ದಂಡೆತ್ತಿ ಬಂದಾಗ ಮೈಸೂರಿನಿಂದ ಬರ್ಕಿ ವೆಂಕಟರಾವ್‌ನ ಜೊತೆ ಒಂದು ಪಡೆ ಹೋಯಿತು. ಅದರಲ್ಲಿ ಹೈದರನೂ ಇದ್ದ. 1750ರ ಡಿಸೆಂಬರಿನಲ್ಲಿ ಜಿಂಜಿಯ ಬಳಿ ನಾಸಿರ್ ಜಂಗನನ್ನು ಅವನ ಕಡೆಯವನೇ ಆದ ಕಡಪದ ನವಾಬ ಗುಂಡಿಟ್ಟು ಕೊಂದ. ಪಾಳೆಯವೆಲ್ಲ ದಿಕ್ಕಾಪಾಲು. ಆ ಗದ್ದಲದಲ್ಲಿ ಹೈದರನ ಬೇಡರು ನಿಜಾಮನ ಖಜಾನೆಯ ಸಾಲಿನಿಂದ ಚಿನ್ನದ ನಾಣ್ಯ ಹೊತ್ತ ಎರಡು ಒಂಟೆಗಳನ್ನು ಬೇರ್ಪಡಿಸಿ ಹೊಡೆದುಕೊಂಡು ಬಂದರು.

ಇದರ ಜೊತೆಗೆ ಆ ದಂಡಯಾತ್ರೆಯಲ್ಲಿ ಅಲ್ಲಲ್ಲಿ ಕೂಡಿಸಿದ 300 ಕುದುರೆ, 500 ತುಪಾಕಿ ದೇವನಹಳ್ಳಿ ತಲುಪಿದವು ಎಂಬ ಲೆಕ್ಕ ವಿಲ್ಕ್ಸ್‌ನದು. ಸರ್ಕಾರದ ಅಪ್ಪಣೆಗೆ ಕಾಯದೆ ಪಡೆ ಹಿಗ್ಗಿಸಲು ಅಷ್ಟು ಸಾಕಾಯಿತು.

ಖಂಡೇರಾವ್ ಯಾರು? ಅವನಿಗೆ ಇಷ್ಟು ಮಹತ್ವ ಏಕೆ?

ಹೈದರನ ಲೆಕ್ಕಿಗ, ಬ್ರಾಹ್ಮಣ. ಹೈದರನ ಏಳಿಗೆಯಲ್ಲಿ ಅರ್ಧ ಪಾಲು ಅವನದು ಎಂದರೆ ಹೆಚ್ಚಾಗದು.

ಅವರ ಪದ್ಧತಿ ಹೀಗಿತ್ತು. ಬೇಡರಿಗೂ ಲೂಟಿ ಸವಾರರಿಗೂ ಸಂಬಳ ಇದ್ದೇ ಇರುತ್ತಿತ್ತು. ಅದರ ಮೇಲೆ ಹೊಡೆದುಕೊಂಡು ಬಂದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಹೈದರನಿಗೆ. ದನ, ಕುರಿ, ಕಾಳು, ಹೆಂಗಸರ ಓಲೆ, ಮಕ್ಕಳ ಮೈಮೇಲಿನ ಒಡವೆ, ಹಾದಿಹೋಕನ ರುಮಾಲು ಎಲ್ಲಕ್ಕೂ ಲೆಕ್ಕ. ಬಚ್ಚಿಟ್ಟುಕೊಳ್ಳಲು ಆಗದಂತೆ ಮೇಲ್ವಿಚಾರಣೆ. ಯಾವ ಸಾಮಂತನ ದಂಡೂ ಲೂಟಿ ಮಾಡುತ್ತಿದ್ದ ಕಾಲವದು. ಲೂಟಿಗೆ ಜಮಾ-ಖರ್ಚು ಬರೆದಿಟ್ಟವರು ಇವರು.

ಸರ್ಕಾರದಿಂದ ಹಣ ಎಬ್ಬಿಸುವುದರಲ್ಲೂ ಇದೇ ಚಾಕಚಕ್ಯತೆ. ಗಾಯಾಳುಗಳಿಗೆ ವಾಸಿಯಾಗುವವರೆಗೆ ತಲೆಗೆ ತಿಂಗಳಿಗೆ 14 ರೂಪಾಯಿ ಭತ್ಯೆ ಇತ್ತು. ಒಂದು ಕಾಳಗದಲ್ಲಿ ಗಾಯಗೊಂಡವರು 67 ಮಂದಿ. ಹಾಜರಿಗೆ ಬಂದ ಅಧಿಕಾರಿಗೆ ತೋರಿಸಿದ್ದು ಸುಮಾರು 700. ಚೆನ್ನಾಗಿದ್ದವರ ಕೈಕಾಲಿಗೂ ಅರಿಸಿನದಲ್ಲಿ ಅದ್ದಿದ ಬಟ್ಟೆ ಸುತ್ತಿ ಸಾಲಾಗಿ ಮಲಗಿಸಿದ್ದರು. ನಿಜವಾಗಿ ಗಾಯಗೊಂಡವರಿಗೆ 7 ರೂಪಾಯಿ ಸಿಕ್ಕಿತು, ಮಿಕ್ಕದ್ದು ಒಡೆಯನಿಗೆ. ಇದೂ ವಿಲ್ಕ್ಸ್ ಬರೆದದ್ದೇ. ಅಂಕಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೀತು, ರೀತಿ ಇದೇ.

ದಿಂಡಿಗಲ್‌ಗೆ ಹೋದದ್ದು ಬಡ್ತಿಯೋ, ದೂರ ಇಡುವ ಉಪಾಯವೋ?

ಬಡ್ತಿಯೇ. ಬಡ್ತಿ ಕೊಟ್ಟವರು ಅದರ ಪರಿಣಾಮ ಯೋಚಿಸಲಿಲ್ಲ, ಅಷ್ಟೆ. 1755ರ ಸುಮಾರಿಗೆ ಹೈದರ್ ಅಲ್ಲಿನ ಫೌಜ್ದಾರನಾದ, ಎಂದರೆ ಆ ಸೀಮೆಯ ದಂಡಿನ ಮುಖ್ಯಸ್ಥ. ಪಳನಿ, ವಿರೂಪಾಕ್ಷಿ ಕಡೆಯ ಪಾಳೆಯಗಾರರು ಕಪ್ಪ ಕೊಡದೆ ಸತಾಯಿಸುತ್ತಿದ್ದರು. ಅವರನ್ನು ಬಗ್ಗಿಸಲು ದೊಡ್ಡ ಪಡೆಯನ್ನೇ ಕೊಟ್ಟು ಕಳಿಸಿದರು.

ದಿಂಡಿಗಲ್ ಇರುವುದು ಮಧುರೆಗೆ ಹೋಗುವ ದಾರಿಯಲ್ಲಿ, ಶ್ರೀರಂಗಪಟ್ಟಣಕ್ಕೆ ಬಹಳ ದೂರ. ಹೇಳುವವರು ಕೇಳುವವರು ಇಲ್ಲ. ಹೈದರ್ ಅಲ್ಲಿ ಮೂರು ಕೆಲಸ ಮಾಡಿದ. ಪಾಳೆಯಗಾರರಿಂದ ವಸೂಲಿ ಮಾಡಿದ. ಖರ್ಚು ಹೆಚ್ಚಾಯಿತು ಎಂದು ಖಂಡೇರಾವ್ ಮೂಲಕ ಶ್ರೀರಂಗಪಟ್ಟಣದಿಂದ ಇನ್ನಷ್ಟು ಹಣಕ್ಕೆ ಮಂಜೂರಾತಿ ತಂದ. ಪುದುಚೇರಿ, ಶ್ರೀರಂಗಂ ಕಡೆಗಳಿಂದ ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿ ಫಿರಂಗಿ, ಮದ್ದಿನ ಕಾರ್ಖಾನೆ ಹಾಕಿಸಿದ. ಮೂರನೆಯದೇ ಮುಖ್ಯ. ತಿರುಚಿನಾಪಳ್ಳಿಯ ಮುತ್ತಿಗೆಯಲ್ಲಿ ಫ್ರೆಂಚರ, ಇಂಗ್ಲಿಷರ ಕವಾಯತಿನ ಕಾಲಾಳುಗಳನ್ನು ಹತ್ತಿರದಿಂದ ನೋಡಿದ್ದವನಿಗೆ, ಬರೀ ಕುದುರೆಯಿಂದ ಇನ್ನು ಗೆಲುವಿಲ್ಲ ಎಂಬುದು ಹೊಳೆದಿತ್ತು.

ಮೈಸೂರಿನ ಬೊಕ್ಕಸ ಬರಿದಾದದ್ದು ಏಕೆ?

ಇದನ್ನು ಬಿಟ್ಟು ಉಳಿದದ್ದನ್ನು ಓದಿದರೆ ಹೈದರ್ ಜಾದೂ ಮಾಡಿದಂತೆ ಕಾಣುತ್ತದೆ. ಜಾದೂ ಏನೂ ಇಲ್ಲ.

ಮೊದಲನೆಯದು ತಿರುಚಿನಾಪಳ್ಳಿ. ನವಾಬಗಿರಿಗೆ ತನ್ನ ಎದುರಾಳಿಯಾದ ಚಂದಾ ಸಾಹೇಬನ ವಿರುದ್ಧ ನೆರವಾದರೆ ಆ ಕೋಟೆಯನ್ನೇ ಕೊಡುತ್ತೇನೆ ಎಂದು ಆರ್ಕಾಟಿನ ಮಹಮ್ಮದ್ ಅಲಿ ಮಾತು ಕೊಟ್ಟ. ನಂಜರಾಜಯ್ಯ ನಂಬಿ ಇಡೀ ದಂಡು ಒಯ್ದ. 1752ರಲ್ಲಿ ಚಂದಾ ಸಾಹೇಬ ಸತ್ತ, ಮಹಮ್ಮದ್ ಅಲಿ ಮಾತು ತಪ್ಪಿದ. ನಂಜರಾಜಯ್ಯ ಹಟ ಬಿಡದೆ ಫ್ರೆಂಚರನ್ನು ಸೇರಿಕೊಂಡು 1755ರವರೆಗೂ ಅಲ್ಲೇ ಕೂತ. ಬರಿಗೈಯಲ್ಲಿ ಬಂದ.

ಎರಡನೆಯದು ಅದೇ 1755ರಲ್ಲಿ. ದಂಡು ಊರಲ್ಲಿಲ್ಲದ ಹೊತ್ತಿಗೆ ನಿಜಾಮ ಸಲಾಬತ್ ಜಂಗ್ ಫ್ರೆಂಚ್ ಸೇನಾಪತಿ ಬುಸ್ಸಿಯ ಜೊತೆ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ. ದೇವರಾಜಯ್ಯ 56 ಲಕ್ಷ ರೂಪಾಯಿ ಪೊಗದಿಗೆ (ಕಪ್ಪಕ್ಕೆ) ಒಪ್ಪಬೇಕಾಯಿತು. ಅರಮನೆಯ ಒಡವೆ, ದೇವಸ್ಥಾನಗಳ ಬೆಳ್ಳಿ ಬಂಗಾರ ಎಲ್ಲ ಸುರಿದರೂ ಮೂರನೇ ಒಂದು ಭಾಗ ತೀರಿತು. ಉಳಿದದ್ದಕ್ಕೆ ಸಾಹುಕಾರರನ್ನು ಒತ್ತೆಯಾಗಿ ಕರೆದೊಯ್ದರು.

ಮೂರನೆಯದು 1757. ಪೇಶ್ವೆ ಬಾಲಾಜಿ ಬಾಜೀರಾವ್ ಬಂದು 32 ಲಕ್ಷ ಕೇಳಿದ. ನಗದು ಸ್ವಲ್ಪ, ಮಿಕ್ಕದ್ದಕ್ಕೆ ತಾಲ್ಲೂಕುಗಳ ಅಡವು. ಅಡವಾದ ತಾಲ್ಲೂಕಿನ ಕಂದಾಯ ಮರಾಠರಿಗೆ ಹೋಯಿತು. ಕಂದಾಯವಿಲ್ಲದೆ ಸಂಬಳವಿಲ್ಲ.

ಇಲ್ಲಿ ಒಂದು ಎಚ್ಚರ: ಹಳೆಯ ದಾಖಲೆಗಳಲ್ಲಿ ಪೊಗದಿ ಹೆಚ್ಚಾಗಿ ರೂಪಾಯಿಯಲ್ಲಿ, ಜಹಗೀರು ವರಹದಲ್ಲಿ ಇರುತ್ತದೆ. ಒಂದು ವರಹಕ್ಕೆ ಸುಮಾರು 3ರಿಂದ 3.5 ರೂಪಾಯಿ. ಎರಡನ್ನೂ ಒಂದೇ ಎಂದು ಹೋಲಿಸಿದರೆ ಲೆಕ್ಕ ಮೂರು ಪಟ್ಟು ತಪ್ಪುತ್ತದೆ.

1758ರ ಧರಣಿಯಲ್ಲಿ ಹೈದರ್ ಮಾಡಿದ್ದೇನು?

ಹಿನ್ನೆಲೆ ಸ್ವಲ್ಪ ಬೇಕು. 1756ರಲ್ಲಿ ಇಮ್ಮಡಿ ಕೃಷ್ಣರಾಜರು ಮಾವನ ಹಿಡಿತ ತಪ್ಪಿಸಿಕೊಳ್ಳಲು ನೋಡಿದಾಗ ನಂಜರಾಜಯ್ಯ ಅರಮನೆಯ ಬಾಗಿಲಿಗೇ ಫಿರಂಗಿ ಹಾರಿಸಿದ. ಒಳಗೆ ನುಗ್ಗಿ ರಾಜರ ಕಡೆಯವರ ಕಿವಿ ಮೂಗು ಅವರ ಕಣ್ಣೆದುರೇ ಕೊಯ್ಯಿಸಿದ. ಇದನ್ನು ಸಹಿಸದೆ ದೇವರಾಜಯ್ಯ ಮುನಿಸಿಕೊಂಡು ಸತ್ಯಮಂಗಲಕ್ಕೆ ಹೊರಟುಹೋದ. ಅಲ್ಲಿಗೆ ಅಣ್ಣತಮ್ಮಂದಿರ ಕೂಟ ಒಡೆಯಿತು.

ಸಂಬಳ ಬಾರದ ಸೈನಿಕರು 1758ರಲ್ಲಿ ನಂಜರಾಜಯ್ಯನ ಮನೆಬಾಗಿಲಲ್ಲಿ ಧರಣಿ ಕೂತರು. ಆ ಕಾಲದ ಧರಣಿ ಎಂದರೆ ಘೋಷಣೆ ಕೂಗುವುದಲ್ಲ. ಮನೆಯೊಳಕ್ಕೆ ಅನ್ನ ನೀರು ಹೋಗದಂತೆ ಬಾಗಿಲು ಕಟ್ಟಿ ಕೂರುವುದು. ಹೈದರ್ ದಿಂಡಿಗಲ್‌ನಿಂದ ಬಂದ. ಅವನ ಕೆಲಸದ ಕ್ರಮ ಗಮನಿಸಿ:

ಮೊದಲು ಸತ್ಯಮಂಗಲಕ್ಕೆ ಹೋಗಿ ದೇವರಾಜಯ್ಯನನ್ನು ಒಲಿಸಿ, ತಮ್ಮನೊಂದಿಗೆ ರಾಜಿ ಮಾಡಿಸಿ ಕರೆತಂದ. ತಮ್ಮನಿಂದ ರಾಜರಿಗೆ ತಪ್ಪುಕಾಣಿಕೆಯ ಮರ್ಯಾದೆ ಮಾಡಿಸಿದ. ಆಮೇಲೆ ಖಂಡೇರಾವ್‌ನನ್ನು ಕೂರಿಸಿ ಪ್ರತಿ ಸರದಾರನ ಹಾಜರಿ ಪುಸ್ತಕ ತೆಗೆಸಿದ. ಸುಳ್ಳು ಹಾಜರಿಯ ಒಳಗುಟ್ಟು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಕಿ ಮೊತ್ತ ಇಳಿಯಿತು. ಇಳಿದ ಮೊತ್ತವನ್ನು ನಗದು ಇದ್ದಷ್ಟು ನಗದಾಗಿ, ಉಳಿದದ್ದನ್ನು ಸರ್ಕಾರದ ಆನೆ ಕುದುರೆಗಳಿಗೆ ಬೆಲೆ ಕಟ್ಟಿ ಹಂಚಿ ತೀರಿಸಿದ. ಬೇಡದ ಸವಾರರನ್ನು ಲೆಕ್ಕ ಚುಕ್ತಾ ಮಾಡಿ ಕಳಿಸಿದ. ಎಲ್ಲ ತಣ್ಣಗಾದ ಮೇಲೆ ದಂಗೆಯ ಮುಂದಾಳುಗಳನ್ನು ಹಿಡಿಸಿ ಅವರ ಗಂಟನ್ನು ಮುಟ್ಟುಗೋಲು ಹಾಕಿಕೊಂಡ.

ಫಲ ಏನು? ಸಂಬಳ ಕೊಡಿಸಿದವನು ಎಂಬ ಹೆಸರು ಸೈನಿಕರಲ್ಲಿ, ದಂಗೆ ಅಡಗಿಸಿದವನು ಎಂಬ ಹೆಸರು ಅರಮನೆಯಲ್ಲಿ. ಅದೇ ಬೇಸಿಗೆಯಲ್ಲಿ ದೇವರಾಜಯ್ಯ ತೀರಿಕೊಂಡ. ಹೈದರನನ್ನು ಕಂಡರಾಗದ ಹಳೆಯ ಸರದಾರ ಹರಿಸಿಂಗ್ ಅವಿನಾಶಿಯ ಬಳಿ ಬೀಡುಬಿಟ್ಟಿದ್ದಾಗ, ಹೈದರನ ಕಡೆಯ ಮಖ್ದೂಂ ಅಲಿಯ ಪಡೆ ರಾತ್ರೋರಾತ್ರಿ ಮೇಲೆ ಬಿದ್ದು ಕೊಂದಿತು. ಬೆಂಗಳೂರು ಕೋಟೆ ಮತ್ತು ಸೀಮೆ ಹೈದರನ ಜಹಗೀರಾಯಿತು.

ಮರಾಠರನ್ನು ಸೋಲಿಸಿ ಓಡಿಸಿದನೇ?

ಸೋಲಿಸಿ ಎಂದು ಹೇಳುವುದು ಕಷ್ಟ. ಅಡವಿನ ತಾಲ್ಲೂಕುಗಳಿಂದ ಮರಾಠಿ ಅಧಿಕಾರಿಗಳನ್ನು ಮಳೆಗಾಲದಲ್ಲಿ ಹೊರಹಾಕಿಸಿದ್ದು ಹೈದರನ ಸಲಹೆಯೇ. ಅದಕ್ಕೆ ಸೇಡು ತೀರಿಸಲು ಮರಾಠ ಸರದಾರ ಗೋಪಾಲರಾವ್ ಹರಿ ಬಂದು ಬೆಂಗಳೂರನ್ನು ಮುತ್ತಿ, ಚನ್ನಪಟ್ಟಣ ಹಿಡಿದ. 1759ರಲ್ಲಿ ಹೈದರನಿಗೆ ಸೇನಾಪತ್ಯ ಸಿಕ್ಕಿತು. ಅವನ ಕಡೆಯ ಲುತ್ಫ್ ಅಲಿ ಬೇಗ್ ರಾತ್ರಿ ಏಣಿ ಹಾಕಿ ಚನ್ನಪಟ್ಟಣವನ್ನು ಮರಳಿ ಹಿಡಿದ. ಹಗಲು ಬಯಲಲ್ಲಿ ಕಾದಾಡದೆ ರಾತ್ರಿ ಪಾಳೆಯದ ಮೇಲೆ ಬೀಳುವುದೇ ಹೈದರನ ತಂತ್ರವಾಗಿತ್ತು. ಗೋಪಾಲರಾವ್ ಬೇಸತ್ತು ಒಪ್ಪಂದಕ್ಕೆ ಬಂದ: 32 ಲಕ್ಷ ಕೊಟ್ಟರೆ ಅಡವು ಬಿಡುಗಡೆ.

ದುಡ್ಡಿರಲಿಲ್ಲ. ಅರ್ಧ ಹೇಗೋ ಹೊಂದಿಸಿ, ಉಳಿದರ್ಧಕ್ಕೆ ಮರಾಠರ ಪಾಳೆಯದ ಸಾಹುಕಾರರ ಜಾಮೀನು ಕೊಡಿಸಿದರು. ಆ ಸಾಹುಕಾರರು ಒಪ್ಪಿದ್ದು ಹೈದರನ ಮಾತಿನ ಮೇಲೆ, ಬಿಡುಗಡೆಯಾದ ತಾಲ್ಲೂಕುಗಳ ಕಂದಾಯ ಅವನ ಕೈಯಲ್ಲಿರಬೇಕು ಎಂಬ ಷರತ್ತಿನ ಮೇಲೆ. ಸಾಹುಕಾರರಿಗೆ ದೊರೆತನದ ಮೇಲೆ ನಂಬಿಕೆ ಇರಲಿಲ್ಲ, ಒಬ್ಬ ಸರದಾರನ ಮೇಲೆ ಇತ್ತು. ರಾಜ್ಯದ ಗತಿ ತಿಳಿಯಲು ಇಷ್ಟು ಸಾಕು. ‘ಫತೇ ಹೈದರ್ ಬಹಾದ್ದೂರ್’ ಎಂಬ ಬಿರುದು ಬಂದದ್ದು ಈ ಸಲವೇ.

ನಂಜರಾಜಯ್ಯನನ್ನು ಇಳಿಸಿದ್ದು ಹೇಗೆ?

ಮತ್ತೆ ಸಂಬಳ. ಸೈನಿಕರು ಹೈದರನನ್ನು ಕೇಳಿದರು. ಕೊಡಬೇಕಾದವನು ನಂಜರಾಜಯ್ಯ, ನಡೆಯಿರಿ ಎಂದು ತಾನೇ ಜೊತೆಯಾಗಿ ಹೋಗಿ ಧರಣಿ ಕೂತ. ಇದರ ಹಿಂದೆ ಅರಮನೆಯ ಹಿರಿಯ ರಾಣಿಯ ಸಮ್ಮತಿಯೂ ಖಂಡೇರಾವ್‌ನ ಓಡಾಟವೂ ಇದ್ದವು. ನಂಜರಾಜಯ್ಯನಿಗೆ ಎಲ್ಲ ಅರ್ಥವಾಯಿತು. ಹೊರಗೆ ಬಂದು, ನನ್ನಿಂದ ಆಗದು, ನಾನು ಬಿಟ್ಟುಬಿಡುತ್ತೇನೆ ಎಂದ. ಸೈನಿಕರು ಅರಮನೆಗೆ ತಿರುಗಿದರು. ಹೈದರ್ ನಂಜರಾಜಯ್ಯನ ಸಂಬಂಧ ಕಡಿದುಕೊಳ್ಳುವುದಾಗಿ ಆಣೆ ಮಾಡಿದರೆ ಹಣಕ್ಕೆ ದಾರಿ ಮಾಡುತ್ತೇವೆ ಎಂದು ಒಳಗಿನಿಂದ ಉತ್ತರ ಬಂತು. ಹೈದರ್ ಬಹಳ ಸಂಕಟಪಟ್ಟವನಂತೆ ಮುಖ ಮಾಡಿಕೊಂಡು ಒಳಹೋಗಿ ಆಣೆ ಮಾಡಿ ಬಂದ.

ಸಂಬಳಕ್ಕೆಂದು ಅವನಿಗೆ ಇನ್ನಷ್ಟು ಸೀಮೆ ಬಿಟ್ಟುಕೊಟ್ಟರು. ಹಿಂದಿನದೂ ಸೇರಿ ರಾಜ್ಯದ ಅರ್ಧಕ್ಕೂ ಹೆಚ್ಚು ಕಂದಾಯ ಅವನ ಕೈಗೆ ಬಂತು. ಖಂಡೇರಾವ್ ಪ್ರಧಾನನಾದ. ನಂಜರಾಜಯ್ಯ ಮೈಸೂರಿನಲ್ಲಿ ಬೀಡುಬಿಟ್ಟು ಜಗ್ಗದಿದ್ದಾಗ ಹೈದರ್ ಅಲ್ಲಿಗೂ ಮುತ್ತಿಗೆ ಹಾಕಿದ. ಕೊನೆಗೆ ಅವನು ಸಣ್ಣ ಜಹಗೀರು ಹಿಡಿದು ಕೊಣನೂರಿಗೆ ಹೋದ.

1760ರ ಆಗಸ್ಟ್ 12ರಂದು ಏನಾಯಿತು?

ಆ ದಿನ ಹೈದರನ ಕಥೆ ಮುಗಿಯಬೇಕಿತ್ತು.

ಆ ಜೂನಿನಲ್ಲಿ ಅವನು ಪುದುಚೇರಿಯ ಫ್ರೆಂಚ್ ಸೇನಾಪತಿ ಲಾಲಿಯೊಂದಿಗೆ ಒಪ್ಪಂದ ಮಾಡಿಕೊಂಡು, ಒಳ್ಳೆಯ ಪಡೆಯನ್ನೆಲ್ಲ ಮಖ್ದೂಂ ಅಲಿಯ ಜೊತೆ ಅಲ್ಲಿಗೆ ಕಳಿಸಿದ್ದ. ತನ್ನ ಬಳಿ ಉಳಿದದ್ದು ಚಿಕ್ಕ ತುಕಡಿ. ಪಾಳೆಯ ಇದ್ದದ್ದು ಶ್ರೀರಂಗಪಟ್ಟಣದ ದ್ವೀಪದಲ್ಲಿ, ಕೋಟೆಯ ಫಿರಂಗಿಯ ಅಳವಿನೊಳಗೆ, ಈಗ ದರಿಯಾ ದೌಲತ್ ಇರುವ ಕಡೆ. ಮಳೆಗಾಲ, ಕಾವೇರಿ ತುಂಬಿ ಹರಿಯುತ್ತಿತ್ತು. ಅರಮನೆಯವರು ಖಂಡೇರಾವ್‌ನನ್ನು ತಮ್ಮ ಕಡೆ ಮಾಡಿಕೊಂಡಿದ್ದರು. ಅವನು ಮರಾಠ ಸರದಾರ ವಿಸಾಜಿ ಪಂಡಿತನಿಗೆ ಹೇಳಿಕಳಿಸಿದ್ದ.

ಬೆಳಿಗ್ಗೆ ಕೋಟೆಯ ಮೇಲಿನಿಂದ ಗುಂಡು ಸುರಿಯತೊಡಗಿತು. ಹೈದರ್ ಮೊದಲು ಮಾಡಿದ್ದೇ ಖಂಡೇರಾವ್‌ನನ್ನು ಕರೆಯಿರಿ ಎಂದದ್ದು. ಗುಂಡು ಹಾಕಿಸುತ್ತಿರುವವನೇ ಅವನು ಎಂದು ಉತ್ತರ ಬಂತು. ಹೊಳೆಯ ಹರಿಗೋಲುಗಳನ್ನು ಮುಂಚೆಯೇ ಸರಿಸಿದ್ದರು. ಹೈದರ್ ಕೈಗೆ ಸಿಕ್ಕ ಹರಿಗೋಲಿನವರನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು, ಇಡೀ ದಿನ ಮಾತುಕತೆಯಲ್ಲಿ ತಳ್ಳಿ, ಕತ್ತಲಾದ ಮೇಲೆ ಹೆಂಡತಿ ಮಕ್ಕಳನ್ನೂ ಫಿರಂಗಿಗಳನ್ನೂ ಬಿಟ್ಟು, ಒಯ್ಯಬಹುದಾದಷ್ಟು ಹಣ ಮತ್ತು ಕೆಲವೇ ಸವಾರರೊಂದಿಗೆ ಹೊಳೆ ದಾಟಿದ. ಬಾಲಕ ಟಿಪ್ಪು ಶ್ರೀರಂಗಪಟ್ಟಣದಲ್ಲೇ ಉಳಿದ. ಮನೆಯವರನ್ನು ಖಂಡೇರಾವ್ ಮರ್ಯಾದೆಯಿಂದಲೇ ನೋಡಿಕೊಂಡ.

ಆನೇಕಲ್ ಮೂಲಕ ಬೆಂಗಳೂರಿಗೆ ಒಂದೇ ಓಟ. ಅಲ್ಲಿನ ಕೋಟೆಯ ಅಧಿಕಾರಿ (ಕಿಲ್ಲೇದಾರ) ಕಬೀರ್ ಬೇಗ್ ಬಾಗಿಲು ತೆರೆದ. ಖಂಡೇರಾವ್‌ನ ಆಜ್ಞೆ ಮೊದಲು ತಲುಪಿದ್ದರೆ ಆ ಬಾಗಿಲು ಮುಚ್ಚಿರುತ್ತಿತ್ತೋ ಏನೋ. ಬೆಂಗಳೂರಿನ ಸಾಹುಕಾರರು ಸಾಲ ಕೊಟ್ಟರು. ಹೊಸದಾಗಿ ಪಡೆ ಕೂಡಿಸಲು ಅದೇ ಆಧಾರವಾಯಿತು.

ಮರಾಠರು ಹಿಂದಿರುಗಿದ್ದೇಕೆ?

ಹೈದರ್ ಮೂರು ಲಕ್ಷ ರೂಪಾಯಿಯನ್ನೂ ಬಾರಾಮಹಲನ್ನೂ (ಈಗಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ಸೀಮೆ) ಕೊಡಲು ಒಪ್ಪಿದ. ವಿಸಾಜಿ ಇಷ್ಟು ಸಲೀಸಾಗಿ ಒಪ್ಪಿದ್ದು ಆಗ ಹೈದರನಿಗೇ ಆಶ್ಚರ್ಯವಾಗಿರಬೇಕು. ನಿಜವಾದ ಕಾರಣ ಪಾಣಿಪತ್. 1761ರ ಜನವರಿ 14ರಂದು ಅಲ್ಲಿ ಮರಾಠರ ದಂಡು ನುಚ್ಚುನೂರಾಗಿತ್ತು. ಸುದ್ದಿ ತಿಳಿದ ಕೂಡಲೇ ಬಾರಾಮಹಲನ್ನು ಬಿಟ್ಟುಕೊಡಬೇಡಿ ಎಂದು ಹೈದರ್ ಹೇಳಿಕಳಿಸಿದ. ದೂರದ ಕುರುಕ್ಷೇತ್ರ ಸೀಮೆಯ ಒಂದು ದಿನದ ಕಾಳಗ ಮೈಸೂರಿನ ಹಣೆಬರಹವನ್ನೂ ತಿದ್ದಿತು.

ನಂಜನಗೂಡಿನಲ್ಲಿ ಸೋತವನು ಕೊನೆಗೆ ಗೆದ್ದದ್ದು ಹೇಗೆ?

ನಂಜನಗೂಡಿನ ಬಳಿ ಖಂಡೇರಾವ್ ಹೈದರನನ್ನು ಸೋಲಿಸಿದ. ಲೆಕ್ಕಿಗನಿಗೆ ದಂಡು ನಡೆಸಲು ಬರುವುದಿಲ್ಲ ಎಂದುಕೊಂಡವರಿಗೆ ಅದು ಉತ್ತರ. ಮುಂದಿನ ಹೆಜ್ಜೆ ಮಾತ್ರ ಲೆಕ್ಕಿಗನ ಊಹೆಗೆ ನಿಲುಕಲಿಲ್ಲ. ಹೈದರ್ ಸುಮಾರು 200 ಸವಾರರೊಂದಿಗೆ ನೇರ ಕೊಣನೂರಿಗೆ ಹೋಗಿ, ತಾನೇ ಮೂಲೆಗೆ ತಳ್ಳಿದ್ದ ನಂಜರಾಜಯ್ಯನ ಕಾಲಿಗೆ ಬಿದ್ದ. ನನ್ನದು ತಪ್ಪಾಯಿತು, ನೀವೇ ಒಡೆಯರು ಎಂದ. ಮುದುಕ ನಂಬಿದ. ಅವನ ಹೆಸರಿನಲ್ಲಿ ಜನ ಸೇರಿದರು.

ಖಂಡೇರಾವ್ ಬೆನ್ನಟ್ಟಿ ಕಟ್ಟೆ ಮಳಲವಾಡಿವರೆಗೆ ಬಂದ. ಅಲ್ಲಿ ಹೈದರ್ ನಂಜರಾಜಯ್ಯನ ಮೊಹರಿನಲ್ಲಿ ಖಂಡೇರಾವ್‌ನ ಸರದಾರರಿಗೆ ಕಾಗದ ಬರೆಸಿದ: ಒಪ್ಪಿಕೊಂಡಂತೆ ಖಂಡೇರಾವ್‌ನನ್ನು ಹಿಡಿದುಕೊಡಿ, ಗೊತ್ತಾದ ಇನಾಮು ಸಿದ್ಧವಿದೆ. ಅಂಥ ಮಾತುಕತೆ ನಡೆದೇ ಇರಲಿಲ್ಲ. ಕಾಗದಗಳು ಖಂಡೇರಾವ್‌ನ ಕೈಗೇ ಬೀಳುವಂತೆ ನೋಡಿಕೊಂಡಿದ್ದರು. ಓದಿದವನೇ ಕುದುರೆ ಏರಿ ಶ್ರೀರಂಗಪಟ್ಟಣಕ್ಕೆ ಓಡಿದ. ಒಡೆಯನಿಲ್ಲದ ದಂಡಿನ ಮೇಲೆ ಹೈದರ್ ಬಿದ್ದ. ತಾನೇ ಒಡೆಯನಿಗೆ ಮೋಸ ಮಾಡಿದ್ದವನಿಗೆ ತನ್ನ ಕೈಕೆಳಗಿನವರೂ ಹಾಗೇ ಮಾಡುತ್ತಾರೆ ಎಂದು ನಂಬಿಸಲು ಹೆಚ್ಚು ಕಷ್ಟಪಡಬೇಕಾಗಲಿಲ್ಲ.

ಕೊನೆಗೆ ಶ್ರೀರಂಗಪಟ್ಟಣದ ಎದುರು ದಂಡೆ. ಹಲವು ದಿನ ಹೈದರ್ ಹೊಳೆಯ ದಡದಲ್ಲಿ ಸಂಜೆಯವರೆಗೆ ಕವಾಯತು ಮಾಡಿಸಿ ಪಾಳೆಯಕ್ಕೆ ಮರಳುತ್ತಿದ್ದ. ಎದುರಿನವರಿಗೆ ಅದು ಅಭ್ಯಾಸವಾಯಿತು. ಒಂದು ಸಂಜೆ ಮರಳುವ ಬದಲು ಹೊಳೆ ಹಾದು ದ್ವೀಪಕ್ಕೆ ನುಗ್ಗಿದ. ಆಮೇಲೆ ಅರಮನೆಗೆ ಸಂದೇಶ: ಖಂಡೇರಾವ್ ನನ್ನ ನೌಕರ, ಅವನನ್ನು ಒಪ್ಪಿಸಿ. ಸರ್ಕಾರದಿಂದ ನನಗೆ ಬರಬೇಕಾದ ಬಾಕಿ ಕೊಟ್ಟರೆ ಬೇರೆ ಕಡೆ ಹೋಗುತ್ತೇನೆ, ಇಲ್ಲದಿದ್ದರೆ ನೀವೇ ಹೇಳಿ.

ಕೊಡಲು ದುಡ್ಡಿಲ್ಲವೆಂದು ಇಬ್ಬರಿಗೂ ಗೊತ್ತು. 1761ರ ಜೂನಿನಲ್ಲಿ ಆದ ಒಪ್ಪಂದ ಇಷ್ಟು: ರಾಜರಿಗೆ ವರ್ಷಕ್ಕೆ ಮೂರು ಲಕ್ಷ ವರಹದ ಸೀಮೆ, ನಂಜರಾಜಯ್ಯನಿಗೆ ಒಂದು ಲಕ್ಷದ್ದು, ಉಳಿದದ್ದೆಲ್ಲ ಹೈದರನಿಗೆ, ದಂಡಿನ ಖರ್ಚಿಗೆ ಮತ್ತು ಬಾಕಿಗೆ.

ಖಂಡೇರಾವ್‌ನನ್ನು ಪಂಜರದಲ್ಲಿ ಇಟ್ಟದ್ದು ನಿಜವೇ?

ಹೌದು. ಅವನ ಜೀವ ಉಳಿಸಿ ಎಂದು ಅರಮನೆಯಿಂದ ಕೋರಿಕೆ ಬಂದಾಗ, ಜೀವ ತೆಗೆಯುವುದಿಲ್ಲ, ಗಿಳಿಯಂತೆ ಸಾಕುತ್ತೇನೆ ಎಂದ. ಅದರಂತೆ ಕಬ್ಬಿಣದ ಪಂಜರದಲ್ಲಿಟ್ಟು ಹಾಲು ಅನ್ನ ಕೊಡಿಸಿದ. ಖಂಡೇರಾವ್ ಸತ್ತದ್ದು ಆ ಪಂಜರದಲ್ಲೇ, ಬೆಂಗಳೂರಿನಲ್ಲಿ.

ಹೈದರ್ ತಾನೇ ರಾಜನೆಂದು ಘೋಷಿಸಿಕೊಂಡನೇ?

ಇಲ್ಲ, ಕೊನೆಯವರೆಗೂ ಇಲ್ಲ. ಒಡೆಯರು ಗದ್ದುಗೆಯಲ್ಲಿದ್ದರು, ದಸರೆಯಲ್ಲಿ ಜನರಿಗೆ ದರ್ಶನ ಕೊಡುತ್ತಿದ್ದರು. ಒಬ್ಬರು ತೀರಿಕೊಂಡರೆ ಇನ್ನೊಬ್ಬರನ್ನು ಕೂರಿಸುತ್ತಿದ್ದರು. ನವಾಬ ಎಂಬ ಬಿರುದು ಬಂದದ್ದು ಮೈಸೂರಿನಿಂದಲ್ಲ. 1761ರಲ್ಲೇ ನಿಜಾಮನ ತಮ್ಮ ಬಸಾಲತ್ ಜಂಗ್ ಮೂರು ಲಕ್ಷ ರೂಪಾಯಿಗೆ ಸಿರಾದ ನವಾಬಗಿರಿಯನ್ನು ಹೈದರನಿಗೆ ಬರೆದುಕೊಟ್ಟ. ಆಗ ಸಿರಾ ಬಸಾಲತ್ ಜಂಗನ ಕೈಯಲ್ಲಿರಲಿಲ್ಲ, ಮರಾಠರ ವಶದಲ್ಲಿತ್ತು. ಅಪ್ಪ ಯಾವ ನವಾಬರ ಕೈಕೆಳಗೆ ಸತ್ತಿದ್ದನೋ ಆ ಗಾದಿಯ ಹೆಸರು ಮಗನಿಗೆ ಹೀಗೆ ಬಂತು.

ಯಾವ ಬರಹವನ್ನು ಎಷ್ಟು ನಂಬಬಹುದು?

ವಿಲ್ಕ್ಸ್‌ನಲ್ಲಿ ವಿವರ ಹೆಚ್ಚು, ಆದರೆ 1799ರಲ್ಲಿ ಒಡೆಯರನ್ನು ಮತ್ತೆ ಕೂರಿಸಿದ ಕಂಪನಿಯ ಅಧಿಕಾರಿ ಅವನು. ಹೈದರನನ್ನು ರಾಜ್ಯ ಕದ್ದವನೆಂದು ತೋರಿಸುವುದು ಆ ಕಡೆಯವರಿಗೆ ಅನುಕೂಲವಾಗಿತ್ತು. ಚರಿತ್ರೆಕಾರ ಕಿರ್ಮಾನಿಯ ಪರ್ಸಿಯನ್ ಬರಹ ಹೊಗಳಿಕೆಯದು. ಯುದ್ಧಗಳ ಹಿಂದುಮುಂದು ಅಲ್ಲಿ ಕಲಸುತ್ತದೆ. ಹೈದರ್ ಸತ್ತ ಎರಡೇ ವರ್ಷಕ್ಕೆ, 1784ರಲ್ಲಿ, ಕನ್ನಡದಲ್ಲೇ ಬರೆದ ‘ಹೈದರ್‌ನಾಮೆ’ ಎರಡಕ್ಕಿಂತ ಹತ್ತಿರದ್ದು. ಅಂಕಿಗಳಲ್ಲಿ ಮೂರೂ ಹೊಂದದಿದ್ದರೆ ಅಂಕಿಯನ್ನು ಬಿಟ್ಟು ಘಟನೆಯನ್ನು ಹಿಡಿಯಿರಿ.

ಈ ಜಾಗಗಳನ್ನು ನೋಡಬೇಕು. ಎಲ್ಲಿಂದ ಶುರು ಮಾಡುವುದು?

ಕಾಲಕ್ರಮದಲ್ಲೇ ಹೋಗಬೇಕೆಂದರೆ ಬೂದಿಕೋಟೆ, ಕೋಲಾರ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೊದಲು. ಕೋಲಾರದಲ್ಲಿ ಫತೇ ಮಹಮ್ಮದನ ಗೋರಿಯಿರುವ ಮಕ್ಬರಾ ಇದೆ. ಹೈದರ್ ಸತ್ತಾಗ ಅವನ ದೇಹವನ್ನು ಮೊದಲು ತಂದದ್ದೂ ಅಲ್ಲಿಗೇ, ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ. ದೇವನಹಳ್ಳಿ ಕೋಟೆಯ ಸುತ್ತು ಚೆನ್ನಾಗಿ ಉಳಿದಿದೆ, ಆದರೆ ಈಗ ಕಾಣುವ ಕಲ್ಲಿನ ಗೋಡೆ ಮುತ್ತಿಗೆಯ ಕಾಲದ್ದಲ್ಲ, ಆಮೇಲೆ ಕಟ್ಟಿಸಿದ್ದು. ಬೆಂಗಳೂರಿನಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಯಲ್ಲಿ ದೆಹಲಿ ಬಾಗಿಲಿನ ಭಾಗ ಮಾತ್ರ ಉಳಿದಿದೆ.

ಶ್ರೀರಂಗಪಟ್ಟಣಕ್ಕೆ ಮಳೆಗಾಲದಲ್ಲಿ ಹೋಗುವುದು ವಾಸಿ. ದರಿಯಾ ದೌಲತ್‌ನಲ್ಲಿ ಗೋಡೆಯ ಚಿತ್ರ ನೋಡಿ ಎಲ್ಲರೂ ಹೊರಟುಬಿಡುತ್ತಾರೆ. ಹಿಂದಿನ ಹೊಳೆಯ ದಡಕ್ಕೆ ಬಂದು ಕೋಟೆ ಎಷ್ಟು ಹತ್ತಿರವಿದೆ, ಎದುರು ದಂಡೆ ಎಷ್ಟು ದೂರವಿದೆ ಎಂದು ಅಳೆದು ನೋಡಿ. ಆಗಸ್ಟಿನ ನೀರಿನಲ್ಲಿ ಹರಿಗೋಲಿಲ್ಲದೆ ಅಲ್ಲಿ ದಾಟುವ ಜಾಗವೇ ಇಲ್ಲ ಎಂಬುದು ಆಗ ತಿಳಿಯುತ್ತದೆ. ಕೃಷ್ಣರಾಜಸಾಗರ ಕಟ್ಟುವ ಮುಂಚೆ ಹೊಳೆ ಇನ್ನೂ ಬಿರುಸಾಗಿತ್ತು.